ಕೆಳಗಿನ ದನಿ

"ನನ್ನ ಮಗಳ ದನಿಯನ್ನೂ ಹಾಳು ಮಾಡಿದೆಯಲ್ಲ... ಇನ್ನೇನು ಉಳೀತು ಈ ಮನೇಲಿ ಅವಳದ್ದು?"

ಅಜ್ಜಿ ಟೇಪ್ ರೆಕಾರ್ಡರಿನ ಮುಂದೆ ಕುಸಿದು ಕೂತಿದ್ದಳು. ಕ್ಯಾಸೆಟ್ಟಿನ ಕಂದು ರೀಲು ಯಂತ್ರದೊಳಗೆ ಸಿಕ್ಕಿಹಾಕಿಕೊಂಡು ಸುರುಳಿ ಸುರುಳಿಯಾಗಿ ನೆಲಕ್ಕಿಳಿದಿತ್ತು. ಚಿಕ್ಕಮ್ಮ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಅವಳು ಬೆಳಿಗ್ಗೆ ಆ ಯಂತ್ರದ ಧೂಳು ಒರೆಸಿದ್ದು ನಿಜ, ಅಷ್ಟೇ. ಆದರೆ ಆ ಮನೆಯಲ್ಲಿ ಹಾಲು ಉಕ್ಕಿದರೂ ತಪ್ಪು ಅವಳದೇ.

ಪುಟ್ಟಿಗೆ ಅವಳು ಚಿಕ್ಕಮ್ಮ, ಅಪ್ಪನ ಎರಡನೆಯ ಹೆಂಡತಿ. ಮೊದಲನೆಯವಳು ಇವಳ ಜೀವದ ಗೆಳತಿ. ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಎದುರುಬದುರು ಮೇಜಿನಲ್ಲಿ ನಿಂತು ಇಸ್ತ್ರಿ ಹಾಕುತ್ತ, ಬಿಸಿ ಆವಿಯ ನಡುವೆ ಹಾಡಿಕೊಳ್ಳುತ್ತಿದ್ದವರು. ಗೆಳತಿಯದು ಎತ್ತರದ ಶ್ರುತಿಯ ಮೇಲಿನ ದನಿ, ಇವಳದು ಅದಕ್ಕೆ ಜೊತೆಯಾಗುವ ಕೆಳಗಿನದು. ಪುಟ್ಟಿ ಇನ್ನೂ ಹೊಟ್ಟೆಯಲ್ಲಿದ್ದಾಗ ಇಬ್ಬರೂ ಸೇರಿ ಹಾಡಿದ ಜೋಗುಳ ಆ ಕ್ಯಾಸೆಟ್ಟಿನಲ್ಲಿತ್ತು. ಹೆರಿಗೆಯಾದ ಕೆಲವೇ ದಿನಕ್ಕೆ ಗೆಳತಿ ಜ್ವರದಲ್ಲಿ ತೀರಿಕೊಂಡಳು. ಎಳೆಗೂಸನ್ನು ನೋಡಿಕೊಳ್ಳಲೆಂದು ಬಂದ ಇವಳು, ಜನರ ಬಾಯಿ ಮುಚ್ಚಿಸಲು ಮದುವೆಯಾಗಿ ಅಲ್ಲೇ ಉಳಿದಳು. ಮೊಮ್ಮಗಳನ್ನು ಬಿಟ್ಟಿರಲಾರದೆ ಗೆಳತಿಯ ತಾಯಿಯಾದ ಈ ಅಜ್ಜಿಯೂ ಉಳಿದಳು. ಸಂಜೆಯಾದರೆ ಅಜ್ಜಿ ಕ್ಯಾಸೆಟ್ ಹಾಕಿ, "ಕೇಳು ಪುಟ್ಟಿ, ನಿಮ್ಮಮ್ಮ" ಅನ್ನುತ್ತಿದ್ದಳು. ಅದು ಹಾಡಿದರೇ ಮಗುವಿಗೆ ನಿದ್ದೆ. ಅದರಲ್ಲಿ ಇನ್ನೊಂದು ದನಿ ಇದೆಯೆಂದು ಯಾರೂ ಹೇಳಲಿಲ್ಲ. ಚಿಕ್ಕಮ್ಮನೂ ಹೇಳಲಿಲ್ಲ. ಗಂಡ, ಮನೆ, ಮಗು ಎಲ್ಲ ಸತ್ತವಳದೇ ಆಗಿರುವಾಗ, ಅವಳ ಹಾಡಿನಲ್ಲೂ ಪಾಲು ಕೇಳಲು ಯಾವ ಬಾಯಿ?

ಅವಳನ್ನು ಒಳಗೊಳಗೇ ಕೊರೆಯುತ್ತಿದ್ದುದು ಬೇರೆಯೇ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಗೆಳತಿಯನ್ನು ಉಳಿಸಿಕೊಡು ಎಂದು ಅವಳು ದೇವರನ್ನು ಬೇಡಿದ್ದಳು. ಅದಕ್ಕೂ ಮುಂಚೆ ಒಂದು ದಿನ ಇದೇ ಮನೆಯ ಕಿಟಕಿಯ ಬಳಿ ನಿಂತು, ನನಗೂ ಇಂಥದ್ದೊಂದು ಮನೆ ಇದ್ದಿದ್ದರೆ ಅಂದುಕೊಂಡಿದ್ದಳು. ದೇವರು ಆ ಬೇಡಿಕೆ ಬಿಟ್ಟು ಈ ಆಸೆಯನ್ನೇ ಕೇಳಿಸಿಕೊಂಡನೇ...? ಆಮೇಲೆ ಅವಳು ಹಾಡಲಿಲ್ಲ, ದೇವರ ಮಾತೆತ್ತಲಿಲ್ಲ. ಸಂಜೆ ಜೋಗುಳ ಮುಗಿದ ಮೇಲೂ ಗೋಡೆಯೊಳಗಿಂದ ಗೆಳತಿ ಉಸಿರೆಳೆದುಕೊಂಡಂತೆ ಕೇಳಿಸಿ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ಸರಿ ಮಾಡಿಸ್ಕೊಂಡು ಬಾ," ಅಂದಳು ಅಜ್ಜಿ. "ಇಲ್ಲಾಂದ್ರೆ ಪುಟ್ಟೀನ ಕರ್ಕೊಂಡು ನನ್ನ ಮಗನ ಮನೆಗೆ ಹೊರಟುಬಿಡ್ತೀನಿ. ನಿನ್ನ ಗಂಡ ಬೇಡ ಅಂತಾನೇನು?"

ಅವನು ಅನ್ನುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅತ್ತೆಯ ಎದುರು ಆ ಮನುಷ್ಯ ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ.

ರೇಡಿಯೊ ರಿಪೇರಿಯವನು ರೀಲು ಬಿಡಿಸಿ, ನಜ್ಜುಗುಜ್ಜಾದ ತುಂಡನ್ನು ಕತ್ತರಿಸಿ, ಆ ಜಾಗಕ್ಕೆ ಖಾಲಿ ರೀಲು ಅಂಟಿಸಿದ. "ನಡುವೆ ಸ್ವಲ್ಪ ಹೊತ್ತು ಏನೂ ಕೇಳ್ಸಲ್ಲಮ್ಮ," ಎಂದು ಹಾಕಿ ತೋರಿಸಿದ. ಪಕ್ಕದ ಬೆಂಚಿನಲ್ಲಿ ಕೆಟ್ಟ ಮೈಕೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ ಡ್ರೈವರಿನ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು. ಹಾಡು ಕೇಳುತ್ತಿದ್ದಂತೆ ಗುನುಗತೊಡಗಿದಳು. ಎಲ್ಲರೂ ಗುನುಗುವ ಮೇಲಿನ ದನಿಯನ್ನಲ್ಲ, ಕೆಳಗಿನದನ್ನು.

"ಈ ಕೆಳಗೆ ಹಾಡ್ತಿರೋರು ಯಾರು? ಎಷ್ಟು ಚೆನ್ನಾಗಿ ಹಿಡಿದಿದ್ದಾರೆ."

"ನಾನು..." ಅಂದ ಚಿಕ್ಕಮ್ಮ ಅಲ್ಲೇ ಅತ್ತುಬಿಟ್ಟಳು.

ಡ್ರೈವರಮ್ಮ ಸರಿದು ಜಾಗ ಕೊಟ್ಟಳು. "ನಾನೂ ಕೆಳದನಿಯವಳೇ. ಪ್ರಾರ್ಥನಾ ಮಂದಿರದಲ್ಲಿ ಹಾಡ್ತೀನಿ, ಇದು ಅಲ್ಲಿನ ಮೈಕು. ಹೊಗಳಿಕೆ ಎಲ್ಲ ಮೇಲಿನವರಿಗೇ. ಬಸ್ಸಲ್ಲಿ ಹಾಡಿದ್ರೆ ಇಂಜಿನ್ ಶ್ರುತಿ ಹಿಡಿಯುತ್ತೆ, ಪ್ರಯಾಣಿಕರು ಮುಖ ಹಿಂಡ್ತಾರೆ."

ಅಳುವಿನ ನಡುವೆಯೂ ಚಿಕ್ಕಮ್ಮನಿಗೆ ನಗು ಬಂತು. ಹಾಡಿನ ಮಾತು ಹಾಡಿಗೆ ನಿಲ್ಲಲಿಲ್ಲ. ಗಂಡನಿಗೂ ಹೇಳದ ಕಿಟಕಿಯ ಬಳಿಯ ಆ ಆಸೆಯನ್ನು ಗುರುತು ಪರಿಚಯವಿಲ್ಲದವಳ ಮುಂದೆ ಹೇಳಿಬಿಟ್ಟಳು.

"ಮನಸ್ಸಲ್ಲಿ ಅಂದ್ಕೊಂಡಿದ್ದಕ್ಕೆಲ್ಲ ದೇವರು ಜನರನ್ನ ಸಾಯಿಸೋ ಹಾಗಿದ್ರೆ, ನನ್ನ ಬಸ್ಸಿಗೆ ಅಡ್ಡ ಬರೋರು ಒಬ್ರೂ ಉಳೀತಿರಲಿಲ್ಲ ಕಣಮ್ಮ."

"ಹಾಗಾದ್ರೆ ನಾನು ಬೇಡಿದ್ದು ಯಾಕೆ ಕೇಳಿಸ್ಲಿಲ್ಲ?"

"ಗೊತ್ತಿಲ್ಲ. ನನ್ನ ಗಂಡ ಹೋದಾಗ ನಾನೂ ಕೇಳ್ದೆ. ಉತ್ತರ ಬರ್ಲಿಲ್ಲ." ಅವಳು ಮೈಕನ್ನು ಸಮವಸ್ತ್ರದ ತೋಳಿನಿಂದಲೇ ಒರೆಸಿದಳು. "ನಿನ್ನ ಗೆಳತಿ ಎತ್ತರದಲ್ಲಿ ಹಾಡೋವಾಗ ನಿನ್ನ ದನಿ ಬೇರೆಯಾಗಿ ಅವಳ ಕಿವಿಗೆ ಬೀಳ್ತಿರ್ಲಿಲ್ಲ. ಕೆಳಗೆ ನೀನಿದ್ದೀಯ ಅಂತ ನಂಬ್ಕೊಂಡು ಹೋಗ್ತಿದ್ಲು. ನಾನೂ ಅಷ್ಟೇ, ಕೇಳಿಸ್ದಿದ್ರೂ ದೇವರು ಇದ್ದಾನೆ ಅಂತ ನಂಬ್ಕೊಂಡು ಬದುಕ್ತಿದ್ದೀನಿ. ರಜೆ ದಿನ ಮಂದಿರಕ್ಕೆ ಬಾ. ಕೆಳದನಿಗೆ ನಮ್ಮಲ್ಲಿ ಜನ ಇಲ್ಲ."

ಸಂಜೆ ಅಜ್ಜಿ ಕ್ಯಾಸೆಟ್ ಹಾಕಿದಳು. ಪುಟ್ಟಿಯ ಕಣ್ಣು ಮುಚ್ಚುತ್ತ ಬಂದಿತ್ತು. ಅಷ್ಟರಲ್ಲಿ ಆ ಖಾಲಿ ಜಾಗ ಬಂತು. ರೀಲು ತಿರುಗುತ್ತಲೇ ಇತ್ತು, ಹಾಡಿಲ್ಲ. ಮಗು ಥಟ್ಟನೆ ಎದ್ದು ಕೂತಿತು.

"ಅಮ್ಮ ಎಲ್ಲಿ ಹೋದ್ಲು?"

ಅಜ್ಜಿಯ ಮುಖ ಕಪ್ಪಿಟ್ಟಿತು. ಮೇಲಿನ ದನಿ ಇರಲಿಲ್ಲ. ಆದರೂ ಗೆಳತಿ ಇದ್ದಾಳೆಂದು ನಂಬಿ, ವರ್ಷಗಳಿಂದ ಬೀಗ ಹಾಕಿದ್ದ ಗಂಟಲಿನಿಂದ ಚಿಕ್ಕಮ್ಮ ಕೆಳಗಿನ ದನಿಯನ್ನು ಎತ್ತಿಕೊಂಡಳು. ಒಂದು ಸಾಲು ಹಾಡಿದಳು. ಎರಡನೆಯ ಸಾಲಿಗೆ, ಒಡೆದ ಮುದಿ ದನಿಯೊಂದು ಮೇಲಿನ ದನಿಯಾಗಿ ಬಂದು ಸೇರಿತು. ಅಜ್ಜಿ ಹಾಡುತ್ತಿದ್ದಳು... ಮಗಳಿಗೆ ಆ ಜೋಗುಳ ಕಲಿಸಿದವಳೇ ಅವಳು. ಮೂರನೆಯ ಸಾಲಿಗೆ ಸತ್ತವಳು ಕ್ಯಾಸೆಟ್ಟಿನೊಳಗಿಂದ ಮರಳಿ ಬಂದಳು. ಹಾಡು ಮುಗಿಯುವ ಮುಂಚೆಯೇ ಪುಟ್ಟಿ ಚಿಕ್ಕಮ್ಮನ ಬೆರಳು ಹಿಡಿದು ಮಲಗಿದ್ದಳು.

"ಧೂಳು ಒರೆಸಿದ್ರೆ ರೀಲು ಸಿಕ್ಕಿಹಾಕ್ಕೊಳ್ಳಲ್ಲ ಅಂತ ನಂಗೂ ಗೊತ್ತು," ಅಜ್ಜಿ ನೆಲ ನೋಡುತ್ತ ಹೇಳಿದಳು. "ಇದ್ರಲ್ಲಿ ನಿನ್ನ ದನಿ ಇರೋದೂ ಗೊತ್ತು. ಒಬ್ಬಳು ಹೋದ್ಲು, ಇನ್ನೊಬ್ಬಳು ಯಾಕೆ ಉಳಿದ್ಲು ಅಂತ ಹೊಟ್ಟೆ ಉರೀತಿತ್ತು. ನೀನು ಕೇಳಿಸ್ಬಾರ್ದು ಅಂತ ಸೌಂಡ್ ಜಾಸ್ತಿ ಇಡ್ತಿದ್ದೆ... ಇಟ್ಟಷ್ಟೂ ನೀನೇ ಕೇಳಿಸ್ತಿದ್ದೆ."

ಕಣ್ಣೊರೆಸಿಕೊಂಡು ಅವಳು ತನ್ನ ಕೋಣೆಗೆ ಹೋದಳು. ಕತ್ತಲಲ್ಲಿ ಮಗುವಿನ ಪಕ್ಕ ಕೂತಿದ್ದ ಚಿಕ್ಕಮ್ಮನಿಗೆ ಗೋಡೆಯೊಳಗಿನ ಆ ಉಸಿರು ಮತ್ತೆ ಕೇಳಿಸಿತು. ಈ ಸಲ ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. "ಅವಳನ್ನ ಚೆನ್ನಾಗಿಟ್ಟಿರು ದೇವರೇ," ಎಂದು ಮೆಲ್ಲಗೆ ಬೇಡಿದಳು. ಉತ್ತರ ಬರಲಿಲ್ಲ. ಬರದಿದ್ದರೂ ಅವಳು ಭಯಪಡದೆ ಕೂತಿದ್ದಳು.

ಒಳಗಿನಿಂದ ಅಜ್ಜಿಯ ಮಾತು ಕೇಳಿತು: "ನಾಳೆನೂ ಆ ಖಾಲಿ ಜಾಗ ಬರುತ್ತಲ್ಲ, ತಡ ಮಾಡ್ಬೇಡ. ಮಗು ಹೆದರ್ಕೊಳ್ಳತ್ತೆ."