ಠಾಣೆಯ ಕಪಾಟಿನಿಂದ ಹೋದ ಸರ

"ಟೀಚರ್, ನಾಳೆ ಮೇಲಧಿಕಾರಿ ಬರ್ತಾರೆ. ಅಷ್ಟರೊಳಗೆ ಸರ ಸಿಗದಿದ್ರೆ ನನ್ನ ಕೆಲಸ ಹೋದ ಹಾಗೇ!"

ಊರನ್ನೇ ನಡುಗಿಸುವ ಇನ್‌ಸ್ಪೆಕ್ಟರು ನಮ್ಮ ಸೋದರತ್ತೆಯ ಮುಂದೆ ಕುಸಿದು ಕೂತರು. ಅತ್ತೆ ನಿವೃತ್ತ ಕನ್ನಡ ಟೀಚರ್. ಊರಿನ ಕಳ್ಳರನ್ನು ಹಿಡಿದ ಹೊಗಳಿಕೆಯೆಲ್ಲ ಆಕೆಗೆ, ಛತ್ರಿ ಹೊರುವ ಭಾಗ್ಯ ನನಗೆ.

ಕಳ್ಳನಿಂದ ವಶಪಡಿಸಿಕೊಂಡಿದ್ದ ಚಿನ್ನದ ಸರ ಠಾಣೆಯ ಕಪಾಟಿನಿಂದ ಮಾಯವಾಗಿತ್ತು. ಬೀಗ ಮುರಿದಿರಲಿಲ್ಲ. ಇದ್ದ ಒಂದೇ ಕೀಲಿ ಇನ್‌ಸ್ಪೆಕ್ಟರ ಶರ್ಟಿನ ಜೇಬಿನಲ್ಲಿತ್ತು. ಸಾಲದ್ದಕ್ಕೆ ಮೇಲಧಿಕಾರಿಗೆ ಸಹಿಯಿಲ್ಲದ ಪತ್ರ ಬೇರೆ ಹೋಗಿತ್ತು. ಅತ್ತೆ ಅದರ ನಕಲನ್ನು ಎರಡು ಸಲ ಓದಿದರು: 'ಠಾಣೆಯ ಸರ ಇವರೇ ಕದ್ದಿದ್ದಾರೆ. ದಯವಿಟ್ಟು ಬೇರೆ ಊರಿಗೆ ಕಳಿಸಿ.'

ಠಾಣೆಗೆ ಹೋದೆವು. ಬಡ್ತಿ ತಪ್ಪಿದ ಹೆಡ್ ಕಾನ್‌ಸ್ಟೇಬಲ್ ನನ್ನ ಕಿವಿಯಲ್ಲಿ, "ಅವನೇ ನುಂಗಿರ್ತಾನೆ ಬಿಡಿ" ಎಂದ. ಇವನದೇ ಹೊಟ್ಟೆಕಿಚ್ಚಿನ ಕೆಲಸ ಎಂದುಕೊಂಡೆ. ಹೊಸದಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಹುಡುಗಿ, "ಸಾಹೇಬರು ಅಂಥವರಲ್ಲ" ಎಂದು ಕಣ್ಣೀರು ಒರೆಸಿಕೊಂಡಳು.

ಅಷ್ಟರಲ್ಲಿ ಠಾಣೆಯ ಹಿಂದಿನ ಮನೆಯಿಂದ ಇನ್‌ಸ್ಪೆಕ್ಟರ ಹೆಂಡತಿ ಎಲ್ಲರಿಗೂ ಟೀ ತಂದರು. ಅದು ದಿನಾ ಮಧ್ಯಾಹ್ನದ ರೂಢಿಯಂತೆ. "ಇವರು ಮೂರು ದಿನದಿಂದ ಸರಿಯಾಗಿ ಊಟಾನೇ ಮಾಡಿಲ್ಲ" ಎಂದರು. ಇನ್‌ಸ್ಪೆಕ್ಟರು ಆಗ ಅಲ್ಲಿರಲೇ ಇಲ್ಲ. ಸಬ್ ಇನ್‌ಸ್ಪೆಕ್ಟರ್ ಹುಡುಗಿಗೆ ಟೀ ಕೊಡುವಾಗ ಮಾತ್ರ ಲೋಟ ಮೇಜಿಗೆ ಕುಕ್ಕಿದಂತಾಯಿತು.

ಇನ್‌ಸ್ಪೆಕ್ಟರು ಬಂದ ಮೇಲೆ ಅತ್ತೆ ಎಲ್ಲರನ್ನೂ ಕರೆದು ಕೂರಿಸಿದರು.

"ದ್ವೇಷ ಇದ್ದೋರು 'ಕೆಲಸದಿಂದ ತೆಗೀರಿ' ಅಂತ ಬರೀತಾರೆ, 'ಬೇರೆ ಊರಿಗೆ ಕಳಿಸಿ' ಅಂತಲ್ಲ. ಹೆಡ್ ಕಾನ್‌ಸ್ಟೇಬಲ್ ಬರೆದಿದ್ರೆ 'ಅವನು' ಅಂತಿದ್ದ. ಈ ಹುಡುಗಿ 'ಸಾಹೇಬರು' ಅಂತಿದ್ಲು. ಹೆಸರಿಲ್ಲದೆ, ಹುದ್ದೆಯಿಲ್ಲದೆ, ಎದುರಿಗೆ ಇಲ್ಲದೋರನ್ನೂ ಬರೀ 'ಇವರು' ಅನ್ನೋಳು ಹೆಂಡ್ತಿ ಒಬ್ಬಳೇ. ಮಧ್ಯಾಹ್ನ ಗಂಡ ಮಲಗಿದಾಗ ಶರ್ಟು ಗೂಟದಲ್ಲಿರುತ್ತೆ, ಟೀ ತಟ್ಟೆ ಹಿಡಿದು ಠಾಣೆಗೆ ಬಂದೋಳನ್ನ ಯಾರು ತಡೀತಾರೆ? ಹೌದೇನಮ್ಮ?"

ಆಕೆ ಸೆರಗಿನ ಗಂಟು ಬಿಚ್ಚಿ ಸರವನ್ನು ಮೇಜಿನ ಮೇಲಿಟ್ಟರು.

"ಮನೆಗೆ ಬಂದ್ರೂ ಇವರಿಗೆ ಈ ಹುಡುಗೀದೇ ಮಾತು ಟೀಚರ್! 'ಎಷ್ಟು ಚುರುಕು, ಎಷ್ಟು ಚುರುಕು!' ನನ್ನ ಹೊಟ್ಟೆ ಉರಿದುಹೋಯ್ತು. ವರ್ಗ ಆದ್ರೆ ಸಾಕು ಅಂದ್ಕೊಂಡೆ. ಕೆಲಸಕ್ಕೇ ಸಂಚಕಾರ ಬರುತ್ತೆ ಅಂತ ನನಗೇನು ಗೊತ್ತಿತ್ತು!"

ಇನ್‌ಸ್ಪೆಕ್ಟರು ಸರವನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಬರ್ಕೊಳ್ಳಮ್ಮ. ನಡೆದದ್ದೆಲ್ಲ ಬರಿ. ಕೀಲಿ ಜೋಪಾನ ಮಾಡದಿದ್ದದ್ದು ನನ್ನ ತಪ್ಪು ಅಂತ ಮೊದಲು ಬರಿ. ಶಿಕ್ಷೆ ನನಗಾಗಲಿ, ಇವಳನ್ನ ಬಿಟ್ಟುಬಿಡಲಿ ಅಂತ ಕೇಳ್ಕೋತೀನಿ."

ಹುಡುಗಿಯ ಪೆನ್ನು ನಿಂತಿತು.

ಹೆಂಡತಿ ಗಂಡನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು.

"ನೋಡಿದ್ರಾ ಟೀಚರ್," ಎಂದು ಬಿಕ್ಕಿದರು, "ಈಗಲೂ ಇವರು ಹೇಳ್ತಿರೋದು ಅವಳಿಗೇ!"