ತೊಂಬತ್ತಾರನೇ ಪುಟದ ಸಾಲು

ರಾತ್ರಿ ಒಂದೂವರೆಗೆ ಫೋನು ‘ಟಿಣ್’ ಎಂದು ಒಂದೇ ಒಂದು ಸಲ ಸದ್ದು ಮಾಡಿತು. ಅಷ್ಟು ಸಣ್ಣ ಸದ್ದಿಗೆ ಬೇರೆಯವರಾದರೆ ಮಗ್ಗುಲನ್ನೂ ಬದಲಿಸುತ್ತಿರಲಿಲ್ಲ. ನಾನು ಎದ್ದು ಕೂತೆ. ಗ್ಯಾಸ್ ಆರಿಸಿದೆನೇ, ಚಿಲಕ ಹಾಕಿದೆನೇ ಎಂದು ಮೂರು ಸಲ ನೋಡಿ ಬಂದು, ಆಮೇಲೂ ಒಂದು ಕಿವಿ ತೆರೆದಿಟ್ಟು ಮಲಗುವವಳು ನಾನು.

“ಯಾರೇ ಅದು, ಈ ಹೊತ್ತಲ್ಲಿ?” ಪಕ್ಕದ ಮಂಚದಿಂದ ಅಕ್ಕನ ದನಿ.

“ಆಫೀಸಿಂದು. ನೀನು ಮಲಕ್ಕೋ ಅಕ್ಕ.”

“ಆಫೀಸಿಗೂ ನಿದ್ದೆ ಬರ್ತಿಲ್ವಂತಾ?” ಎಂದು ಗೊಣಗಿ ಅವಳು ಗೋಡೆಯ ಕಡೆ ಹೊರಳಿದಳು.

ಸಂದೇಶ ಕಳಿಸಿದ್ದು ರೇಡಿಯೋ, ಆಫೀಸಿನಲ್ಲಿ ನಾವೆಲ್ಲ ಹಾಗೆ ಕರೆಯುವ ಸಹೋದ್ಯೋಗಿ. ಒಂದು ತಿಂಗಳಿಂದ ನನಗೆ ಮುಖ ಕೊಟ್ಟು ಮಾತಾಡದಿದ್ದ ಮನುಷ್ಯ ಬರೆದಿದ್ದ: “ಪುಟ ತೊಂಬತ್ತಾರು, ಒಂಬತ್ತನೇ ಸಾಲು ನೋಡಿ. ಅದು ಹಿರಿಯರದ್ದಲ್ಲ. ನನ್ನದು. ಕ್ಷಮಿಸಿ.”

ಫೋನಿನ ಬೆಳಕಿನಲ್ಲೇ ಬ್ಯಾಗಿನಿಂದ ಪುಸ್ತಕ ತೆಗೆದು ಆ ಪುಟ ತೆರೆದೆ.

ನಾನು ಒಂದು ಪ್ರಕಾಶನ ಸಂಸ್ಥೆಯಲ್ಲಿ ಕರಡು ತಿದ್ದುವವಳು. ಸಂಸ್ಥೆಯ ಯಜಮಾನರದು ಹಳೆಯ ಪದ್ಧತಿ. ಮುಖ್ಯವಾದ ಪುಸ್ತಕವಾದರೆ ಮೊದಲ ಕರಡನ್ನು ಇಬ್ಬರು ಕೂತು ನೋಡಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಲ್ಲೇ ಹೇಳುವುದು. ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು, ಬಿಟ್ಟುಹೋದದ್ದನ್ನು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆಯುವುದು. ಓದುವವನ ಕಣ್ಣು ಹಸ್ತಪ್ರತಿಯ ಮೇಲೆ, ತಿದ್ದುವವಳ ಕಣ್ಣು ಕರಡಿನ ಮೇಲೆ. ಒಬ್ಬರನ್ನೊಬ್ಬರು ನೋಡುವ ಹಾಗಿಲ್ಲ. ನೋಡಿದರೆ ಸಾಲು ತಪ್ಪುತ್ತದೆ.

ಓದುವವನು ರೇಡಿಯೋ. ಆ ಹೆಸರು ಇಟ್ಟದ್ದು ಅವನ ದನಿಗೆ ಎಂದು ಹೊಸಬರು ತಿಳಿಯುತ್ತಾರೆ. ಅದು ಅರ್ಧ ನಿಜ. ಇನ್ನರ್ಧ, ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಯಜಮಾನರು ಅಜ್ಜನಾದ ಸುದ್ದಿ ಯಜಮಾನರಿಗಿಂತ ಮೊದಲು ಡಿಟಿಪಿ ಕೋಣೆಗೆ ತಲುಪಿದ್ದು ಅವನಿಂದಲೇ.

ಆ ಪುಸ್ತಕ ಒಂದು ಪ್ರಾರ್ಥನಾ ಮಂದಿರದ್ದು. ಮಂದಿರ ಕಟ್ಟಿದವರನ್ನು ಎಲ್ಲರೂ ‘ಹಿರಿಯರು’ ಎನ್ನುತ್ತಾರೆ. ಹೊರಗೇ ನಿಂತು ಕೈಮುಗಿಯಬೇಕಾಗಿದ್ದ ಜನರನ್ನು ಮುಂಬಾಗಿಲಿನಿಂದ ಒಳಗೆ ಕರೆದವರು. ಅದಕ್ಕಾಗಿ ಕಲ್ಲೇಟು ತಿಂದವರು. ಮದುವೆಯಾಗುವುದಿಲ್ಲವೆಂದು ವ್ರತ ತೊಟ್ಟು ಹಾಗೆಯೇ ತೀರಿಕೊಂಡವರು. ಅವರು ಹೋಗಿ ನಲವತ್ತು ವರ್ಷಗಳ ಮೇಲೆ ಒಂದು ಟ್ರಂಕಿನಲ್ಲಿ ಅವರ ಕಾಗದಗಳು ಸಿಕ್ಕವು. ಅವುಗಳಲ್ಲಿ ಏಳು, ಮಂದಿರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಟೀಚರಿಗೆ ಬರೆದು, ಅಂಚೆಗೆ ಹಾಕದೆ ಉಳಿಸಿಕೊಂಡವು.

ಮಂದಿರದ ಕಾರ್ಯದರ್ಶಿಗಳು ಆ ಏಳನ್ನು ಹಿಡಿದು ನನ್ನ ಮೇಜಿಗೇ ಬಂದಿದ್ದರು.

“ಇದೆಲ್ಲ ಬೇಕೇನಮ್ಮ? ವ್ರತ ಹಿಡಿದವರು ಅವರು. ಮಂದಿರಕ್ಕೆ ಬರೋ ಹೆಣ್ಣುಮಕ್ಕಳು ಏನಂದ್ಕೋತಾರೆ?”

“ಅವರೂ ಮನುಷ್ಯರೇ ಆಗಿದ್ರು ಅಂದ್ಕೋತಾರೆ ಸರ್.”

“ನಾಲ್ಕು ಸಾಲು ತೆಗೆದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಒಂದು ಸಾಲು ತೆಗೆದ್ರೂ, ಒಂದು ಸಾಲು ಸೇರಿಸಿದ್ರೂ ಅದು ಅವರ ಪುಸ್ತಕ ಆಗಲ್ಲ ಸರ್. ನಮ್ಮದಾಗುತ್ತೆ.”

ಕೊನೆಗೆ ಟೀಚರ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಇದ್ದ ಹಾಗೇ ಅಚ್ಚಾಗಲಿ ಎಂದು ಒಪ್ಪಿ ಹೋದರು. ಅವರ ಬೆನ್ನು ತಿರುಗಿದ್ದೇ ರೇಡಿಯೋ ಹೇಳಿದ, “ಮೇಡಂ ಅಲ್ಪವಿರಾಮ ನಿಮಗೆ ಇಷ್ಟು ಧೈರ್ಯ ಇದೆ ಅಂತ ಗೊತ್ತಿರಲಿಲ್ಲ ಆಶ್ಚರ್ಯಸೂಚಕ.”

“ಇದು ಕರಡಿನಲ್ಲಿ ಇಲ್ಲ” ಎಂದೆ, ತಲೆ ಎತ್ತದೆ.

ಹೀಗೆ ಅವನು ಓದಿನ ನಡುವೆ ಏನಾದರೂ ತುರುಕುವುದು, ನಾನು ‘ಕರಡಿನಲ್ಲಿ ಇಲ್ಲ’ ಎನ್ನುವುದು ನಮ್ಮ ಆಟವಾಗಿತ್ತು. “ಟೀ ಬಂತು ಪೂರ್ಣವಿರಾಮ. ಆರುತ್ತಿದೆ ಪೂರ್ಣವಿರಾಮ. ಕೆಂಪು ಪೆನ್ನಿನವರು ಕುಡಿಯುವುದಿಲ್ಲವೇ ಪ್ರಶ್ನಾರ್ಥಕ.” ತಮಾಷೆಯ ಮಾತಿಗೆ ಅವನ ದನಿ ಸ್ವಲ್ಪ ಮೇಲೇರುತ್ತಿತ್ತು. ಹಾಗಾಗಿ ನಾನು ಎಂದೂ ಮೋಸ ಹೋದದ್ದಿಲ್ಲ.

ತಲೆ ಎತ್ತುತ್ತಿರಲಿಲ್ಲ ಎಂದ ಮಾತ್ರಕ್ಕೆ ನೋಡುತ್ತಿರಲಿಲ್ಲ ಎಂದಲ್ಲ. ಹಾಳೆ ಮಗುಚುವಾಗ ಅವನ ಹೆಬ್ಬೆರಳು ಕಾಣುತ್ತಿತ್ತು, ಅದರ ಮೇಲಿನ ಶಾಯಿಯ ಕಲೆ ಕಾಣುತ್ತಿತ್ತು. ನೀಲಿ ಅಂಗಿಯ ಎರಡನೇ ಗುಂಡಿಯನ್ನು ಬೇರೆ ಬಣ್ಣದ ದಾರದಿಂದ ಹೊಲಿದದ್ದು ಕಾಣುತ್ತಿತ್ತು. ಅದನ್ನು ಅವನೇ ಹೊಲಿದುಕೊಂಡನೇ, ಯಾರಾದರೂ ಹೊಲಿದುಕೊಟ್ಟರೇ ಎಂದು ಒಂದು ಇಡೀ ಅಧ್ಯಾಯದ ಉದ್ದಕ್ಕೂ ಯೋಚಿಸಿದ್ದೇನೆ.

ಆ ಕಾಗದಗಳ ಬಗ್ಗೆ ಒಮ್ಮೆ ಅವನು ಬೇಸರದಿಂದ ಹೇಳಿದ, “ಎಲ್ಲರಿಗೂ ಬಾಗಿಲು ತೆರೆದ್ರು, ತಮ್ಮದೊಂದನ್ನು ಮುಚ್ಕೊಂಡ್ರು. ಒಂದು ಸ್ಟಾಂಪ್ ಹಚ್ಚೋಕೆ ಆಗಲಿಲ್ವಾ?”

“ಹಚ್ಚಿದ್ರೆ ಏನಾಗ್ತಿತ್ತು ಯೋಚಿಸಿ. ಜನ ಅವರನ್ನ ಕ್ಷಮಿಸ್ತಿದ್ರು. ದೊಡ್ಡವರು, ಒಂದು ಸಲ ಎಡವಿದ್ರು ಅಂತ. ಟೀಚರನ್ನ ಕ್ಷಮಿಸ್ತಿದ್ರಾ?”

ರೇಡಿಯೋ ಸುಮ್ಮನಾದ. ಅವನು ಸುಮ್ಮನಿದ್ದುದನ್ನು ನಾನು ಕೇಳಿದ್ದು ಅದೇ ಮೊದಲು. ಫ್ಯಾನಿನ ಸದ್ದಿನ ಕೆಳಗೆ, ಅವನು ನನ್ನನ್ನೇ ನೋಡುತ್ತಿದ್ದಾನೆ ಎಂಬುದು ಕೆನ್ನೆಯ ಬಿಸಿಯಿಂದಲೇ ತಿಳಿಯುತ್ತಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

“ಮುಂದೆ ಓದಿ” ಎಂದೆ.

ಅವನು ಓದಿದ. ಐದನೇ ಕಾಗದ. ‘ಪಾಠದ ಕೋಣೆಗೆ ಹೊಸ ದೀಪ ಹಾಕಿಸಿದ್ದೇನೆ ಪೂರ್ಣವಿರಾಮ. ನೀವು ಕೂರುವ ಮೂಲೆಗೆ ಬೆಳಕು ಸಾಲದೆಂದು ಮಕ್ಕಳು ಹೇಳಿದರು ಪೂರ್ಣವಿರಾಮ.’ ಆಮೇಲೆ, ಒಂದು ಉಸಿರು ಬಿಟ್ಟು, ಅದೇ ದನಿಯಲ್ಲಿ: ‘ನೀವು ತಲೆ ಎತ್ತಿ ನೋಡುವ ಒಂದು ಕ್ಷಣಕ್ಕಾಗಿ ನಾನು ಇಡೀ ದಿನ ಓದುತ್ತೇನೆ ಪೂರ್ಣವಿರಾಮ.’

ಕರಡಿನಲ್ಲಿ ಆ ಸಾಲಿರಲಿಲ್ಲ. ಬಿಟ್ಟುಹೋಗಿದೆ ಎಂದುಕೊಂಡೆ. ತಲೆ ಎತ್ತದೆ, ಅಂದವಾಗಿ, ಅಂಚಿನಲ್ಲಿ ಬರೆದುಕೊಂಡೆ.

ಅವನು ಯಾಕೋ ಮುಂದಿನ ಸಾಲಿಗೆ ಹೋಗಲಿಲ್ಲ. “ಹೂಂ?” ಎಂದೆ. ಅವನು ಮುಂದಕ್ಕೆ ಓದಿದ, ಆದರೆ ಬೇಗ ಬೇಗ, ತಡವರಿಸುತ್ತಾ. ಮರುದಿನದಿಂದ ಆಟ ನಿಂತಿತು. ಟೀ ಬಂದರೆ ಲೋಟವನ್ನು ನನ್ನ ಕಡೆ ಸರಿಸಿ ಹೊರಗೆ ಹೋಗುತ್ತಿದ್ದ. ನಾನೇನು ತಪ್ಪು ಮಾಡಿದೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದೆ, ಹೊಳೆಯಲಿಲ್ಲ. ಹಸ್ತಪ್ರತಿ ಮಂದಿರದ ಕಪಾಟಿಗೆ ಮರಳಿತು. ಎರಡನೇ ಕರಡನ್ನು ಮೊದಲ ಕರಡಿನ ಗುರುತುಗಳೊಡನೆ ಮಾತ್ರ ನಾನೊಬ್ಬಳೇ ಹೋಲಿಸಿ ನೋಡಿದೆ. ಭಾನುವಾರ ಪುಸ್ತಕ ಬಿಡುಗಡೆಯಾಯಿತು. ಮುನ್ನೂರು ಪ್ರತಿ ಅಲ್ಲೇ ಖರ್ಚಾಯಿತು, ಏಳುನೂರು ನಮ್ಮ ಗೋಡೌನಿಗೆ ಬಂತು. ರೇಡಿಯೋ ತನ್ನ ಪ್ರತಿಯನ್ನು ತೆರೆದು ನೋಡಿದ್ದು ಸೋಮವಾರ ರಾತ್ರಿ.

ಮಂಗಳವಾರ ಬೆಳಿಗ್ಗೆ ನಾನು ಅವನಿಗಿಂತ ಮೊದಲೇ ಬಂದು ಕೂತಿದ್ದೆ.

“ಹಾಗಾದ್ರೆ ಮೂಲದಲ್ಲಿ ಏನಿತ್ತು?”

“ಏನೂ ಇರಲಿಲ್ಲ. ‘ಬೆಳಕು ಸಾಲದೆಂದು ಮಕ್ಕಳು ಹೇಳಿದರು.’ ಮುಗೀತು. ಹೊಸ ಪ್ಯಾರಾ.”

“ಮತ್ತೆ ಆ ಸಾಲನ್ನ ನೀವು ಯಾಕೆ...”

“ನಾನು ನಿಮಗೆ ಹೇಳಿದ್ದು ಮೇಡಂ.” ಅವನ ಕಿವಿ ಕೆಂಪಾಗಿತ್ತು. “ನಿಮಗೇ. ಹತ್ತು ದಿನ ಬಾಯಿಪಾಠ ಮಾಡಿದ್ದೆ. ನೀವು ತಲೇನೇ ಎತ್ತಲಿಲ್ಲ. ಬರ್ಕೊಂಡು, ‘ಹೂಂ?’ ಅಂದ್ರಿ. ಇಷ್ಟ ಇಲ್ಲ, ಮರ್ಯಾದೆಯಿಂದ ತಳ್ಳಿಹಾಕಿದ್ರು ಅಂದ್ಕೊಂಡೆ.”

“ಕೊನೆಗೆ ಪೂರ್ಣವಿರಾಮ ಅಂದ್ರಲ್ಲ!”

“ಅಭ್ಯಾಸ! ಬಾಯಿಗೆ ಬಂದುಬಿಡ್ತು!”

ನಗು ಬರಬೇಕಿತ್ತು. ನನಗೆ ಅಳು ಬಂತು. ಒಂದು ಸಾಲು ಸೇರಿಸಿದರೂ ಅವರ ಪುಸ್ತಕವಲ್ಲ ಎಂದವಳು ನಾನು. ಒಬ್ಬ ಸತ್ತ ಮನುಷ್ಯನ ಬಾಯಲ್ಲಿ, ಅದೂ ವ್ರತ ಹಿಡಿದವರ ಬಾಯಲ್ಲಿ, ನನ್ನ ಕೈಯಾರೆ ಪ್ರೇಮದ ಮಾತು ಇಟ್ಟಿದ್ದೇನೆ.

“ನಾನೇ ಯಜಮಾನ್ರಿಗೆ ಹೇಳ್ತೀನಿ” ಎಂದ ರೇಡಿಯೋ. “ಕೆಲಸ ಹೋದ್ರೆ ನಂದು ಹೋಗ್ಲಿ.”

“ನೀವು ಸುಮ್ಮನಿರಿ. ಹೇಳೋದು ತಿದ್ದಿದವಳ ಕೆಲಸ. ಮೊದಲು ತಪ್ಪೋಲೆ ಸಿದ್ಧ ಮಾಡ್ತೀನಿ. ಅದರ ಜತೆಗೇ ಹೇಳ್ತೀನಿ.”

ತಪ್ಪೋಲೆ ಎಂದರೆ ಅಂಗೈಯಗಲದ ಚೀಟಿ, ಉಳಿದ ಪ್ರತಿ ಪುಸ್ತಕಕ್ಕೂ ಅಂಟಿಸುವುದು. ‘ಪುಟ ೯೬, ಸಾಲು ೯: ಈ ವಾಕ್ಯ ಮೂಲದಲ್ಲಿ ಇಲ್ಲ. ಓದುಗರು ಬಿಟ್ಟು ಓದಬೇಕು.’ ಬಿಟ್ಟು ಓದಬೇಕು ಎಂದು ಟೈಪು ಮಾಡುವಾಗ ಬೆರಳು ಎರಡು ಸಲ ತಪ್ಪಿತು.

“ಮತ್ತೆ... ನನ್ನ ಮಾತಿಗೆ?” ಅವನು ಬಾಗಿಲಲ್ಲಿ ನಿಂತು ಕೇಳಿದ.

“ಮೊದಲು ಇದು ಮುಗೀಲಿ.”

ಅವನು ತಲೆಯಾಡಿಸಿ, ಚೀಟಿಗೆ ಕಾಗದ ತರಲು ಹೋದ.

ಹನ್ನೊಂದಕ್ಕೆ ಕಾರ್ಯದರ್ಶಿಗಳ ಫೋನು. “ಅಮ್ಮಾ, ನೀವು ಹೇಳಿದ್ದೇ ಸರಿ. ಅವತ್ತು ಕಾಗದದಲ್ಲಿ ಕಣ್ಣು ತಪ್ಪಿತ್ತು, ಆ ತಲೆ ಎತ್ತೋ ಸಾಲು ಈಗ ಓದಿ ನನ್ನ ಕಣ್ಣಲ್ಲೇ ನೀರು ಬಂತು. ಮಂದಿರದ ಗೋಡೆ ಮೇಲೆ ಬರೆಸೋಣ ಅಂತಿದೀವಿ.”

“ಸ್ವಲ್ಪ ತಾಳಿ ಸರ್, ಮತ್ತೆ ಫೋನ್ ಮಾಡ್ತೀನಿ” ಎಂದು ಇಟ್ಟೆ.

ಇಟ್ಟು ತಿರುಗಿದರೆ ಎದುರಿಗೆ ಒಬ್ಬ ಅಜ್ಜಿ. ಎಂಬತ್ತು ದಾಟಿರಬೇಕು. ಬಿಳಿ ಕೂದಲು, ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಕೋಲು, ಕಂಕುಳಲ್ಲಿ ನಮ್ಮ ಪುಸ್ತಕ. ಮಹಡಿ ಹತ್ತಿದ್ದರಿಂದ ಏದುಸಿರು.

“ಕರಡು ತಿದ್ದೋರು ನೀನೇನಮ್ಮ?”

“ಹೌದು. ಕೂತ್ಕೊಳಿ, ನೀರು ಕೊಡ್ತೀನಿ.”

“ನೀರು ಆಮೇಲೆ. ತಮ್ಮನ ಮೊಮ್ಮಗಳು ಕೆಳಗೆ ಗಾಡೀಲಿ ಕೂತಿದಾಳೆ. ಇನ್ನೊಂದು ಪ್ರತಿ ಕೊಂಡ್ಕೊಂಡು ಬರ್ತೀನಿ ಅಂತ ಹೇಳಿ ಬಂದಿದೀನಿ.” ಅವರು ರೇಡಿಯೋ ಕೂರುವ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದರು. ತೊಂಬತ್ತಾರನೇ ಪುಟ ತಾನಾಗಿಯೇ ತೆರೆದುಕೊಂಡಿತು. “ಹೆಸರು ಬಿಟ್ಟಿದೀರಿ. ಒಳ್ಳೇದಾಯ್ತು. ನಾನೇ ಅದು.”

ನಾನು ಎದುರಿನ ಕುರ್ಚಿಯಲ್ಲಿ ಕೂತೆ.

“ಆ ಮೂಲೇಲಿ ಕೂತು ನಾನು ಮಕ್ಕಳ ಕಾಪಿ ಪುಸ್ತಕ ತಿದ್ತಿದ್ದೆ. ಅವರು ಈ ಕಡೆ ದೊಡ್ಡೋರಿಗೆ ಓದಿ ಹೇಳೋರು. ನಾನು ತಲೆ ಎತ್ತುತ್ತಿರಲಿಲ್ಲ. ಎತ್ತಿದ್ರೆ ಹತ್ತು ಕಣ್ಣು ನೋಡ್ತವೆ ಅನ್ನೋ ಭಯ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಎತ್ತಿದ್ದೆ.” ಅಜ್ಜಿ ನಕ್ಕರು. “ಅವರು ಪುಸ್ತಕ ನೋಡ್ತಿದ್ರು. ಇವರಿಗೆ ಏನೂ ಇಲ್ಲ, ಎಲ್ಲ ನಂದೇ ಹುಚ್ಚು ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ.”

ಅವರ ಬೆರಳು ಒಂಬತ್ತನೇ ಸಾಲಿನ ಮೇಲೆ ನಿಂತಿತು. ಉಗುರಿನ ಹತ್ತಿರ ಚರ್ಮ ಕಾಗದಕ್ಕಿಂತ ತೆಳ್ಳಗಿತ್ತು.

“ಉಳಿದದ್ದೆಲ್ಲ ಯಾರಿಗೆ ಬೇಕಾದ್ರೂ ಬರೀಬಹುದಿತ್ತು. ದೀಪ, ಸೀಮೆಸುಣ್ಣ, ಮಕ್ಕಳ ಜ್ವರ. ಇದೊಂದು ಮಾತ್ರ ನಂದು.” ಕನ್ನಡಕದ ಹಿಂದಿನಿಂದ ನನ್ನನ್ನೇ ನೋಡಿದರು. “ನಿಜ ಹೇಳು ಮಗೂ. ನಾನು ಬದುಕಿರೋದು ಇನ್ನೆಷ್ಟು ದಿನವೋ. ಇದು ಅವರೇ ಬರೆದದ್ದಾ?”

ಚೀಟಿಯ ಕರಡು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು.

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಸುಳ್ಳು ಹೇಳಿದರೆ ಮೂರು ದಿನ ಊಟ ಸೇರುವುದಿಲ್ಲ. ನಿಜ ಹೇಳಿದರೆ ಈ ಅಜ್ಜಿ ಕೋಲೂರಿ ಕೆಳಗಿಳಿಯುವ ಒಂದೊಂದು ಮೆಟ್ಟಿಲೂ ನನಗೆ ಕಾಣುತ್ತಿತ್ತು. ಆದರೆ ಇವರು ಕೇಳುತ್ತಿರುವುದು ನಿಜವನ್ನೇ, ಬೇರೇನನ್ನೂ ಅಲ್ಲ. ಕೊಡದಿರಲು ನಾನು ಯಾರು?

ಆ ಬೆರಳು ಸಾಲಿನ ಮೇಲಿಂದ ಕದಲಲಿಲ್ಲ.

“ಹೌದು ಅಜ್ಜಿ” ಎಂದೆ. “ಅವರೇ ಬರೆದದ್ದು.”

ಅವರು ಸೆರಗಿನಿಂದ ಕನ್ನಡಕ ಒರೆಸಿ, “ಈಗ ಕೊಡು ನೀರು” ಎಂದರು. ಲೋಟ ಖಾಲಿ ಮಾಡಿ, “ನಾನು ಬಂದಿದ್ದು ಯಾರಿಗೂ ಹೇಳೋದು ಬೇಡಮ್ಮ” ಎಂದು ನನ್ನ ಕೆನ್ನೆ ಮುಟ್ಟಿ ಇಳಿದು ಹೋದರು. ಇನ್ನೊಂದು ಪ್ರತಿಯನ್ನು ಮರೆತೇಬಿಟ್ಟರು. ನಾನೇ ಓಡಿಹೋಗಿ ಕೊಟ್ಟು ಬಂದೆ.

ಮೇಲೆ ಬಂದವಳು ಮೊದಲು ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. “ಗೋಡೆಗೆ ಹಿರಿಯರು ಎಲ್ಲರೆದುರಿಗೆ ಆಡಿದ ಮಾತು ಬರೆಸಿ ಸರ್. ಕಾಗದದ್ದು ಬೇಡ. ಅವರು ಪೆಟ್ಟಿಗೆಯಲ್ಲಿ ಇಟ್ಟುಕೊಂಡದ್ದು ಅದು.” ಅವರು ಸ್ವಲ್ಪ ಯೋಚಿಸಿ, ಅದೂ ಸರಿ ಎಂದರು. ನನ್ನಿಂದ ಆದದ್ದು ಅಷ್ಟೇ. ಚೀಟಿಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದೆ. ಯಾರಾದರೂ ಜೋಡಿಸಿಯಾರು ಎನಿಸಿ, ತೆಗೆದು ಬ್ಯಾಗಿಗೆ ಸೇರಿಸಿದೆ.

ರೇಡಿಯೋ ಕಾಗದದ ಕಟ್ಟು ಹೊತ್ತು ಬೆವರುತ್ತಾ ಬಂದ. “ಚೀಟಿ ಎಲ್ಲಿ?”

“ಬೇಡ.”

“ಬೇಡ ಅಂದ್ರೆ?”

“ಸಾಲು ಅಲ್ಲೇ ಇರಲಿ.”

“ನೀವಾ ಹೀಗೆ ಹೇಳ್ತಿರೋದು? ಒಂದು ಸಾಲು ಸೇರಿಸಿದ್ರೂ...”

“ನಾನೇ. ಯಾಕೆ ಅಂತ ಕೇಳಬೇಡಿ. ಮತ್ತೆ ದಯವಿಟ್ಟು, ಒಂದೇ ಒಂದು ಸಲ, ಇದನ್ನ ಹೊಟ್ಟೇಲಿ ಇಟ್ಕೊಳ್ಳಿ. ಆಗುತ್ತಾ?”

ಅವನು ಕಟ್ಟನ್ನು ಕೆಳಗಿಟ್ಟು, ಅಜ್ಜಿ ಕೂತಿದ್ದ ಕುರ್ಚಿಯಲ್ಲೇ ಕೂತ. ಬಹಳ ಕಷ್ಟಪಟ್ಟು, “ಆಗುತ್ತೆ” ಎಂದ. ಆಮೇಲೆ ಮೆಲ್ಲಗೆ, “ಆದ್ರೆ ಅದು ಈಗ ಹಿರಿಯರ ಮಾತಾಯ್ತು. ನನ್ನ ಹತ್ತಿರ ನಿಮಗೆ ಹೇಳೋಕೆ ಏನೂ ಉಳಿಲಿಲ್ಲ.”

“ಹೊಸದಾಗಿ ಏನಾದ್ರೂ ಓದಿ.”

ಮೇಜಿನ ಮೇಲೆ ಮುಂದಿನ ಪುಸ್ತಕದ ಹಸ್ತಪ್ರತಿ ಇತ್ತು, ಯಾವುದೋ ನಗರದ ಚರಂಡಿ ವ್ಯವಸ್ಥೆಯ ಚರಿತ್ರೆ. ಅವನು ಮೊದಲ ಹಾಳೆ ತೆಗೆದು, ಗಂಟಲು ಸರಿ ಮಾಡಿಕೊಂಡು, “ಪ್ರಸ್ತಾವನೆ” ಎಂದ.

ನಾನು ಪೆನ್ನು ಕೆಳಗಿಟ್ಟೆ. ತಲೆ ಎತ್ತಿದೆ.

ಅವನೂ ಎತ್ತಿದ. ಎರಡನೇ ಸಾಲು ಬರಲೇ ಇಲ್ಲ. ಅವನ ಕಣ್ಣಿನ ಬಣ್ಣ ಕಂದು ಎಂದು, ಎದುರುಬದುರು ಕೂತು ಒಂದು ವರ್ಷವಾದ ಮೇಲೆ ನನಗೆ ತಿಳಿಯಿತು.

“ನೀಲಿ ಅಂಗಿಯ ಗುಂಡಿ ಯಾರು ಹೊಲಿದದ್ದು?” ಎಂದು ಕೇಳಿದೆ.

“ನಾನೇ. ಚೆನ್ನಾಗಿಲ್ವಾ?”

“ಸ್ವಲ್ಪವೂ ಇಲ್ಲ. ನಾಳೆ ತನ್ನಿ, ಸರಿ ಮಾಡಿಕೊಡ್ತೀನಿ.”

ಮೂಲ ಕಾಗದ ಮಂದಿರದ ಕಪಾಟಿನಲ್ಲಿದೆ. ಒಂದು ದಿನ ಯಾರಾದರೂ ತೆಗೆದು ಹೋಲಿಸಿ ನೋಡಿದರೆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಅದುವರೆಗೆ ಗ್ಯಾಸು, ಚಿಲಕಗಳ ಜತೆ ಇದನ್ನೂ ರಾತ್ರಿ ಎದ್ದು ಎದ್ದು ನೋಡುತ್ತೇನೆ. ನಾನು ಮಾಡಿದ್ದು ಸರಿ ಎಂದು ನನಗೆ ನಾನೇ ಹೇಳಿಕೊಳ್ಳಲಾರೆ.

ಆದರೆ ಆ ಅಜ್ಜಿ ಬಂದದ್ದನ್ನು, ಕೇಳಿದ್ದನ್ನು, ನಾನು ಕೊಟ್ಟ ಉತ್ತರವನ್ನು ಯಜಮಾನರಿಗೆ ಹೇಳುವುದಿಲ್ಲ. ಸಂಜೆ ಬಾಗಿಲಲ್ಲೇ ನನ್ನ ಮುಖ ನೋಡಿ, “ಏನೇ, ಆಫೀಸಿಗೆ ನಿದ್ದೆ ಬಂತಾ?” ಎಂದು ಕೆಣಕಿದ ಅಕ್ಕನಿಗೂ ಹೇಳುವುದಿಲ್ಲ. ರೇಡಿಯೋಗೂ ಹೇಳುವುದಿಲ್ಲ. ಹೇಳಿದರೆ ಅವನು ಆ ಅಜ್ಜಿಯ ಕಾಲು ಹಿಡಿದು ನಿಜ ಒಪ್ಪಿಸಿಬಿಟ್ಟಾನು; ಅಂಥವನು ಎಂದೇ ಅವನು ನನಗೆ ಬೇಕಾದವನು.