ಕೆಂಪು ಹೊನ್ನು, ಹಳದಿ ಹೊನ್ನು

ಹೊಳೆಬಾಗಿಲು ಪಟ್ಟಣದ ಕೋಟೆಯ ಮೇಲೆ ಬೆಳಗಿನ ನಗಾರಿ ಮೊಳಗಿದಾಗ, ಮೆಣಸಿನ ಹೇರು ಹೊತ್ತ ಎತ್ತುಗಳು ರಾಜಬೀದಿಯಲ್ಲಿ ನಿಂತಲ್ಲೇ ನಿಂತಿದ್ದವು. ಹೇರು ಇಳಿಸಬೇಕಾದವರೆಲ್ಲ ಅರಮನೆಯ ಅಂಗಳಕ್ಕೆ ಓಡಿದ್ದರು. ಆಂಗ್ಲ ವರ್ತಕರಿಗೆ ರಾಜ್ಯದ ಮೆಣಸನ್ನು ಮಾರಿ, ಅವರ ಅರಸ ಜೇಮ್ಸನ ಕಿರೀಟಮುಖವುಳ್ಳ ಇನ್ನೂರು ‘ಯುನೈಟ್’ ಹೊನ್ನುಗಳನ್ನು ತಂದಿದ್ದ ದಳವಾಯಿ ಬೊಮ್ಮರಸನ ತಲೆ ಉಳಿಯುವುದೋ ಉರುಳುವುದೋ ಅಂದೇ ತೀರ್ಮಾನವಾಗಬೇಕಿತ್ತು.

“ತಾಮ್ರ, ಮಹಾಪ್ರಭು! ಕಣ್ಣಿಗೇ ಕೆಂಪು ಹೊಡೆಯುತ್ತಿದೆ. ದಳವಾಯಿಗಳು ಲಂಚ ತಿಂದು ಖೋಟಾ ಹೊನ್ನು ತಂದಿದ್ದಾರೆ,” ಎಂದ ಭಂಡಾರದ ಅಧಿಪತಿ ಗುಮ್ಮಟಯ್ಯ.

ಟಂಕಸಾಲೆಯ ಒರೆಗಾರ ಮಾಯಣಾಚಾರಿ ಮೂರನೆಯ ಬಾರಿ ಕೈಮುಗಿದ. “ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ, ಪ್ರಭು. ಸವೆಯಬಾರದೆಂದು ಒಂದು ಪಾಲು ತಾಮ್ರ ಬೆರೆಸಿದ್ದಾರೆ. ಆ ಕೆಂಪು ಅದರದ್ದು.”

ಸಭೆ ನಕ್ಕಿತು. ನಲವತ್ತು ವರ್ಷ ಒರೆಗಲ್ಲಿನ ಮೇಲೆ ಕಣ್ಣು ಸವೆಸಿದವನ ಮಾತಿಗಿಂತ, ಹೊನ್ನೆಂದರೆ ಹಳದಿ ಎಂದಷ್ಟೇ ಬಲ್ಲವರ ನಗೆಗೆ ಅಲ್ಲಿ ಬೆಲೆ! ಮಾಯಣನಿಗೆ ಮೈಯೆಲ್ಲ ಉರಿಯಿತು. ಎರಕವನ್ನು ಮಾತ್ರವಲ್ಲ, ಅಚ್ಚೊತ್ತಿದ ವರಾಹಗಳನ್ನೂ ಒರೆ ಹಚ್ಚಲು ಬಿಡಿರೆಂದು ಮೂರು ವರ್ಷದಿಂದ ಗುಮ್ಮಟಯ್ಯನನ್ನು ಬೇಡಿ ಬೇಡಿ ಅವನ ನಾಲಿಗೆ ಒಣಗಿತ್ತು. ಏನೋ ನಡೆಯುತ್ತಿದೆಯೆಂಬ ಅನುಮಾನವಿತ್ತು. ಆದರೆ ‘ಈ ಹೊನ್ನು ಕುಂದಿದರೆ ಈ ಕೈ ಮತ್ತೆ ಒರೆಗಲ್ಲು ಮುಟ್ಟದು’ ಎಂದು ಪ್ರತಿ ಎರಕಕ್ಕೂ ಆಣೆಯಿಟ್ಟವನು ತಾನೇ; ಅನುಮಾನ ನಿಜವಾದರೆ ಹೋಗುವುದು ತನ್ನ ಕಸುಬೇ.

ಬೊಮ್ಮರಸ ಸಂಕೋಲೆಯಲ್ಲಿ ನಿಂತಿದ್ದ.

“ಪುಟವಿಡೋಣ, ಪ್ರಭು,” ಎಂದ ಮಾಯಣ. “ಅವರದೊಂದು ಚೂರು; ಅದೇ ತೂಕದ, ನಮ್ಮ ವರಾಹದ್ದೊಂದು ಚೂರು.”

“ನಮ್ಮ ವರಾಹವನ್ನು ಬೆಂಕಿಗೆ ಹಾಕುವುದೆ? ಅಪಚಾರ!” ಎಂದು ಗುಮ್ಮಟಯ್ಯ ಚೀರಿದ. ಅರಸನು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ತನ್ನ ಚೀಲದಿಂದಲೇ ವರಾಹವೊಂದನ್ನು ತೆಗೆದುಕೊಟ್ಟ.

ತಗಡಾಗಿ ಬಡಿದ ಎರಡು ಚೂರುಗಳನ್ನೂ ಉಪ್ಪು, ಇಟ್ಟಿಗೆಪುಡಿಗಳ ನಡುವೆ ಹುದುಗಿಸಿ ಎಲ್ಲರೆದುರು ಕುಲುಮೆಗಿಟ್ಟರು. ಬೆರಕೆಯನ್ನೆಲ್ಲ ತಿಂದು ಬೆಂಕಿಯು ಸಂಜೆಗೆ ಹೊನ್ನನ್ನಷ್ಟೇ ಉಳಿಸಿತು. ತಕ್ಕಡಿಯಲ್ಲಿ ಆಂಗ್ಲರ ಚೂರು ಹನ್ನೆರಡರಲ್ಲಿ ಒಂದು ಪಾಲು ಕುಂದಿತ್ತು. ವರಾಹದ ಚೂರು ನಾಲ್ಕರಲ್ಲಿ ಒಂದು ಪಾಲು ಕುಂದಿತ್ತು.

“ಬೆಳ್ಳಿಯನ್ನೂ ಬೆರೆಸಿದರೆ ಕೆಂಪು ಕಾಣದು, ಪ್ರಭು,” ಎಂದ ಮಾಯಣ. “ಹಳದಿಯೇ ನಗುತ್ತದೆ. ನಾನು ಒರೆ ಹಚ್ಚಿದ ಎರಕ ಅಚ್ಚಿಗೆ ಹೋಗುವ ಮುನ್ನ ಇರುತ್ತಿದ್ದುದು ಭಂಡಾರದಲ್ಲಿ.”

ಬೊಮ್ಮರಸನ ಸಂಕೋಲೆ ಗುಮ್ಮಟಯ್ಯನ ಕೈಗೆ ಬಿತ್ತು.

“ಮಾಯಣಾಚಾರಿ, ತಪ್ಪು ನಿನ್ನದಲ್ಲ. ನಾಳೆಯೂ ನೀನೇ ಒರೆಗಾರ,” ಎಂದ ಅರಸ.

“ಆಣೆಯಿಟ್ಟವನು ನಾನು, ಮಹಾಪ್ರಭು. ಅದನ್ನೂ ನಾನೇ ಮುರಿದರೆ ನಾಳೆಯ ವರಾಹವನ್ನು ಜನ ಯಾವ ಧೈರ್ಯದ ಮೇಲೆ ನಂಬಬೇಕು?”

ಅಜ್ಜನ ಕಾಲದ ಒರೆಗಲ್ಲನ್ನು ಅವನು ಸಿಂಹಾಸನದ ಮೆಟ್ಟಿಲ ಮೇಲಿಟ್ಟ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಅಂದು ಉಳಿದ ತಲೆಯನ್ನು ಬೊಮ್ಮರಸ ಆ ಮುದುಕನ ಬರಿಗೈಗಳ ಮೇಲಿಟ್ಟು ಬಹಳ ಹೊತ್ತು ಎತ್ತಲಿಲ್ಲ.